ಬಣ್ಣವಿಲ್ಲದ ಮಾಲ್ಕಂ

ನಮ್ಮ ಬಳಗದಲ್ಲಿ ನನಗೆ ಜಗಳಗಂಟಿ ಎಂಬ ಹೆಸರಿದೆ. ನಾನದನ್ನು ಅಲ್ಲಗಳೆಯುವುದಿಲ್ಲ. ರಿಯಾದಿನ ಒಂದು ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲಿ ಕೂತು, ದಿನವಿಡೀ ಫೋನಿನಲ್ಲಿ ವಾದಿಸಿ, ರೋಗಿಗಳಿಗೆ ಅಪ್ರೂವಲ್ ತೆಗೆಸಿಕೊಡುವುದೇ ನನ್ನ ಸಂಬಳದ ಕೆಲಸ. ರಜೆಯ ದಿನ ನಾಟಕ ಬರೆದು ಆಡಿಸುತ್ತೇನೆ, ಅಲ್ಲೂ ವಾದವೇ. ಹಾಗಾಗಿ ಈ ಕಥೆಯಲ್ಲಿ ಝಾಹಿದಾ ಎಂಬ ನಾನು ಬಾಯಿ ಮುಚ್ಚಿ ಕೂತ ಜಾಗ ಒಂದೇ ಒಂದು ಬರುತ್ತದೆ. ಬಂದಾಗ ಹೇಳುತ್ತೇನೆ.

ನಮ್ಮದು ಕರಾವಳಿಯವರ ಬಳಗ. ವರ್ಷಕ್ಕೊಮ್ಮೆ ಊರ ಹೊರಗಿನ ಇಸ್ತಿರಾಹದಲ್ಲಿ, ಅಂದರೆ ದಿನದ ಬಾಡಿಗೆಗೆ ಸಿಗುವ ತೋಟದ ಮನೆಯಲ್ಲಿ ಎಲ್ಲರೂ ಸೇರುತ್ತೇವೆ. ಮಕ್ಕಳ ಕುಣಿತ, ಹಗ್ಗ ಜಗ್ಗಾಟ, ಬಿರಿಯಾನಿ, ನಡುವೆ ನನ್ನ ನಾಟಕ. ಇಕಾಮಾ ಎಂಬ ವಾಸದ ಪರವಾನಗಿ ಕಳೆದುಕೊಂಡವನ ಹಾಸ್ಯ, ಕಫೀಲನ, ಅಂದರೆ ನಮ್ಮ ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳುವ ಧಣಿಯ ಒಂಟೆ ತಪ್ಪಿಸಿಕೊಂಡ ಹಾಸ್ಯ, ಇಂಥವನ್ನೇ ಬರೆದು ಬರೆದು ನನಗೇ ಬೇಸರ ಬಂದಿತ್ತು. ಈ ಸಲ ಮಾಲ್ಕಂ ಎಕ್ಸ್ ಮಾಡುತ್ತೇನೆ ಎಂದೆ.

“ಅದು ಯಾರು?” ಎಂದರು ಕಾಸಿಂ ಹಾಜಿ. ಅವರು ಬಳಗದ ಅಧ್ಯಕ್ಷರು, ಬತ್ಹಾ ಪೇಟೆಯಲ್ಲಿ ಬುರ್ಖಾ ಅಂಗಡಿ ಇಟ್ಟವರು.

ಅಮೆರಿಕದ ಕಪ್ಪು ಜನರ ನಾಯಕ, ಬೆಂಕಿಯಂಥ ಮಾತುಗಾರ, ಹೊಡೆದವನಿಗೆ ಇನ್ನೊಂದು ಕೆನ್ನೆ ತೋರಿಸುವುದಿಲ್ಲ ಎಂದು ಹೇಳಿದ ಮನುಷ್ಯ ಎಂದೆ. ಸಾವಿರದ ಒಂಬೈನೂರ ಅರವತ್ತನಾಲ್ಕರಲ್ಲಿ ಹಜ್‌ಗೆ ಬಂದಿದ್ದರು, ಅಮೆರಿಕದ ಪಾಸ್‌ಪೋರ್ಟ್, ಅರಬ್ಬಿ ಮಾತು ಬಾರದು, ಇವರು ನಿಜವಾದ ಮುಸ್ಲಿಮರೋ ಅಲ್ಲವೋ ಎಂಬ ಅನುಮಾನದಲ್ಲಿ ಜಿದ್ದಾದಲ್ಲಿ ಅವರ ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡು ಕಾಯಿಸಿದರು ಎಂದೂ ಹೇಳಿದೆ.

“ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡದ್ದಾ? ಹಾಗಾದ್ರೆ ನಮ್ಮವರೇ,” ಎಂದರು ಹಾಜಿ. “ಮಾಡು. ಆದ್ರೆ ಸ್ಟೇಜಿನ ಮೇಲೆ ಯಾರೂ ಹಜ್ಜಿನ ಬಿಳಿ ಇಹ್ರಾಮ್ ಬಟ್ಟೆ ಉಟ್ಟುಕೊಂಡು ಬರ್ಬಾರ್ದು. ಮತ್ತೆ, ಹಜ್ ಮುಗಿದ ಮೇಲೆ ಮನುಷ್ಯ ಸ್ವಲ್ಪ ಸಾಧು ಆಗ್ಬೇಕು.”

ಮೊದಲನೆಯದಕ್ಕೆ ಒಪ್ಪಿದೆ. ಎರಡನೆಯದಕ್ಕೆ ನೋಡೋಣ ಎಂದೆ.

ಹಾಜಿಯವರಿಗೆ ಗೊತ್ತಿಲ್ಲದಿದ್ದರೂ ಮಾಲ್ಕಂ ಅವರ ಅಂಗಡಿಯ ಪಕ್ಕದಲ್ಲೇ ನೇತಾಡುತ್ತಿದ್ದರು. ಪಕ್ಕದ ಬಟ್ಟೆ ಅಂಗಡಿಯಲ್ಲಿ ಬೆರಳು ಎತ್ತಿ ಹಲ್ಲು ಕಚ್ಚಿದ ಅವರ ಮುಖದ ಟೀ ಶರ್ಟು, ದೊಡ್ಡ ಎಕ್ಸ್ ಹೊಲಿದ ಟೋಪಿ. ನಮ್ಮ ಮಕ್ಕಳ ಮೊಬೈಲಿನಲ್ಲಿ ಡೋಲು ಬಡಿತದ ಜೊತೆಗೆ ಅವರು ಗುಡುಗುವ ತುಣುಕು ವೀಡಿಯೊಗಳು. ಅವರು ಕನ್ನಡಕ ಒರೆಸಿಕೊಳ್ಳುತ್ತ ನಗುವ ಚಿತ್ರಗಳೂ ಬೇಕಾದಷ್ಟಿವೆ, ಆದರೆ ಅವನ್ನು ಯಾರೂ ಟೀ ಶರ್ಟಿಗೆ ಹಾಕುವುದಿಲ್ಲ. ಸಿಟ್ಟು ಮಾರಾಟವಾಗುತ್ತದೆ, ಸಿಟ್ಟಿಗೆ ಇದ್ದ ಕಾರಣ ಮಾರಾಟವಾಗುವುದಿಲ್ಲ.

ಮಾಲ್ಕಂ ಪಾತ್ರಕ್ಕೆ ಅಖಿಲೇಶ ತಾನೇ ಕೈ ಎತ್ತಿದ. ಮೂಡಬಿದಿರೆ ಕಡೆಯವನು, ರಿಯಾದ್ ಮೆಟ್ರೋ ನಿಲ್ದಾಣಗಳ ಎಸಿ ನೋಡಿಕೊಳ್ಳುವ ಕಂಪನಿಯಲ್ಲಿ ಇಂಜಿನಿಯರ್. ಯಕ್ಷಗಾನದಲ್ಲಿ ಪಳಗಿದವನು. ಅವನು ಮಾತಿಗೆ ನಿಂತರೆ ಮೈಕು ಬೇಡ. ಅವನ ಕಂಪನಿ ವಿಲ್ಲಾದ ಹಾಲಿನಲ್ಲಿ ಮೊದಲ ರಿಹರ್ಸಲ್ ಇಟ್ಟುಕೊಂಡೆವು. ಇಬ್ಬರು ಒಂದು ಬೆಡ್‌ಶೀಟನ್ನು ಅಡ್ಡ ಹಿಡಿದರು. ಅಖಿಲೇಶ ಅದರ ಹಿಂದೆ ನಿಂತು ಕಿವಿ ತೂತಾಗುವ ಹಾಗೆ ಅಬ್ಬರಿಸಿದ, ಶೀಟಿನ ಮೇಲಿಂದ ಕಣ್ಣು ಕೆಕ್ಕರಿಸಿದ, ಆಮೇಲೆ ಅದನ್ನು ಕಿತ್ತೆಸೆದು ಹಾರಿ ಬಂದ. ಎಲ್ಲರೂ ಚಪ್ಪಾಳೆ ಹೊಡೆದರು.

ನಾನು ಹೊಡೆಯಲಿಲ್ಲ. ನನ್ನ ಅಪ್ಪ ಬಯಲಾಟಗಳಲ್ಲಿ ಸೋಡಾ ಮಾರುತ್ತಿದ್ದರು, ನಾನು ಸೋಡಾ ಪೆಟ್ಟಿಗೆಯ ಮೇಲೆ ಕೂತು ಆಟ ನೋಡಿ ಬೆಳೆದವಳು. ತೆರೆಯ ಹಿಂದಿನಿಂದ ಅಬ್ಬರ ಕೊಟ್ಟು ಬರುವುದು ರಾಕ್ಷಸ. ರಾಜ, ವೀರ, ಮಂತ್ರಿ ಯಾರೂ ಹಾಗೆ ಬರುವುದಿಲ್ಲ. ಮುಖ ಕಾಣುವ ಮೊದಲೇ ಜನ ಹೆದರಬೇಕು ಎಂದೇ ಆ ಪ್ರವೇಶ ಇರುವುದು. ಅಖಿಲೇಶ ಯೋಚಿಸಿ ಮಾಡಿದ್ದಲ್ಲ. ಟೀ ಶರ್ಟಿನಲ್ಲಿ ಕಂಡ ಮುಖಕ್ಕೆ ಅವನ ಕೈಕಾಲು ತಾನಾಗಿ ರಾಕ್ಷಸನ ಪ್ರವೇಶ ಕೊಟ್ಟಿತ್ತು.

“ಈ ಮನುಷ್ಯ ರಾಕ್ಷಸ ಅಲ್ಲ,” ಎಂದೆ.

“ಪವರ್ ಬೇಕಲ್ಲ ಝಾಹಿದಕ್ಕ,” ಎಂದ ಅವನು. ಆವತ್ತಿಗೆ ಅಲ್ಲಿಗೇ ಬಿಟ್ಟೆವು.

ಮಾಲ್ಕಂನ ಹೆಂಡತಿಯ ಪಾತ್ರಕ್ಕೆ ವಿಸ್ಮಯಾಳನ್ನು ಕರೆತಂದಿದ್ದೆ. ಅವಳು ನಮ್ಮ ಆಸ್ಪತ್ರೆಯ ಡಯಾಲಿಸಿಸ್ ನರ್ಸ್, ಯಲ್ಲಾಪುರದವಳು, ಸಿದ್ದಿ ಜನಾಂಗದವಳು. ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದು ನಮ್ಮ ತೀರದಲ್ಲಿ ಇಳಿಸಿದವರ ಮಕ್ಕಳು ಮೊಮ್ಮಕ್ಕಳು ಸಿದ್ದಿಗಳು. ಉತ್ತರ ಕನ್ನಡದ ಕಾಡಿನಂಚಿನಲ್ಲಿ ನೆಲೆ ನಿಂತವರು. ನಮ್ಮ ನಾಡಿನಲ್ಲೇ ಬಹಳ ಜನಕ್ಕೆ ಇದು ಗೊತ್ತಿಲ್ಲ. ರಿಯಾದಿನ ಟ್ಯಾಕ್ಸಿಯವರು ಅವಳನ್ನು ಸುಡಾನಿನವಳೆಂದು ಅರಬ್ಬಿಯಲ್ಲಿ ಮಾತಾಡಿಸುತ್ತಾರೆ, ಅದಕ್ಕೆ ಅವಳಿಗೆ ಬೇಸರವಿಲ್ಲ. ಬೇಸರ ನಮ್ಮವರ ಮೇಲೆ. ನಮ್ಮವರು ಅವಳನ್ನು ಕಂಡೊಡನೆ ಇಂಗ್ಲಿಷಿಗೆ ಇಳಿಯುತ್ತಾರೆ. ಅವಳು ಸ್ಪಷ್ಟ ಕನ್ನಡದಲ್ಲಿ “ಯಲ್ಲಾಪುರ” ಎಂದರೆ ಮೇಲಿಂದ ಕೆಳಗೆ ನೋಡಿ, ಆಮೇಲೆ ಕೇಳುತ್ತಾರೆ, “ಅಲ್ಲ, ಮೂಲ ಎಲ್ಲಿ?”

ರಂಜಾನಿನ ಇಫ್ತಾರಿನಲ್ಲಿ ಹಾಜಿಯವರ ಹೆಂಡತಿ ಸಫಿಯತ್ ಬೀವಿ ಕೂಡ ಹಾಗೇ ಕೇಳಿದ್ದರು. ಒಳ್ಳೆಯ ಹೆಂಗಸು, ತಟ್ಟೆಗೆ ಸಮೋಸ ಹಾಕುತ್ತಲೇ ಕೇಳಿದ್ದು. ವಿಸ್ಮಯಾ ನಕ್ಕು ಸುಮ್ಮನಾಗಿದ್ದಳು. ನನಗೆ ಮೈ ಉರಿದಿತ್ತು.

ಆದರೆ ಹೆಂಡತಿಯ ಪಾತ್ರಕ್ಕೆ ನಾನು ಅವಳನ್ನು ಕೇಳಿದ್ದೂ ಬಣ್ಣ ನೋಡಿಯೇ. ಅದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಪಾತ್ರಕ್ಕೆ ಇದ್ದದ್ದು ಮೂರೇ ಮಾತು.

ಎರಡನೇ ರಿಹರ್ಸಲಿಗೆ ಹೋದಾಗ ಅಖಿಲೇಶ ಕನ್ನಡಿಯ ಎದುರು ಕೂತಿದ್ದ. ಊರಿನಿಂದ ತಂದ ಬಣ್ಣದ ಪೆಟ್ಟಿಗೆ ಪಕ್ಕದಲ್ಲಿತ್ತು. ಅರ್ಧ ಮುಖಕ್ಕೆ ಎಣ್ಣೆಯಲ್ಲಿ ಕಲಸಿದ ಕಾಡಿಗೆ ಬಳಿದಿದ್ದ.

“ಎಂತ ಇದು?” ಎಂದೆ.

“ಬಣ್ಣ. ಟ್ರಯಲ್ ನೋಡುದು.”

“ಒರೆಸು.”

“ಯಾಕೆ? ಮುಖಕ್ಕೆ ಬಣ್ಣ ಇಲ್ಲದೆ ವೇಷ ಆಗ್ತದಾ? ನಾನು ತಮಾಷೆಗೆ ಹಚ್ಚಿದ್ದಲ್ಲ ಮಾರಾಯ್ರೆ. ಕೈಮುಗಿದು ಕೂತೇ ಹಚ್ಚಿದ್ದು. ಬಣ್ಣ ಏರದಿದ್ರೆ ನಾನು ಬರೀ ಅಖಿಲೇಶ.”

ಅವನು ಹೇಳಿದ್ದು ಸುಳ್ಳಲ್ಲ. ವೇಷಧಾರಿಗೆ ಬಣ್ಣ ಅಂದರೆ ಭಕ್ತಿ. ಕಂಪನಿಯ ಮೀಟಿಂಗಿಗೆ ತಡವಾಗಿ ಹೋಗುವ ಈ ಮನುಷ್ಯ ಬಣ್ಣದ ಮುಂದೆ ಮಾತ್ರ ಶಿಸ್ತಿನವನು. ಆದರೂ ಒರೆಸು ಎಂದು ಮತ್ತೊಮ್ಮೆ ಹೇಳಲು ಹೊರಟೆ. ಆ ಹೊತ್ತಿಗೆ ವಿಸ್ಮಯಾ ಡ್ಯೂಟಿ ಮುಗಿಸಿ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಎಲ್ಲರಿಗೂ ತಂದ ಚಹಾದ ಫ್ಲಾಸ್ಕ್.

ಅವಳು ಅಖಿಲೇಶನ ಮುಖವನ್ನು ನಿಧಾನವಾಗಿ ನೋಡಿದಳು. ಫ್ಲಾಸ್ಕ್ ಕೆಳಗಿಟ್ಟಳು.

“ಬಣ್ಣ ಸರಿಯಾಗ್ಲಿಲ್ಲ ಅಖಿಲೇಶಣ್ಣ,” ಎಂದಳು. “ಯಾರೂ ಇಷ್ಟು ಕಪ್ಪಿರೂದಿಲ್ಲ. ನಾನೂ ಇಲ್ಲ.”

ನಾನು ಮೊಬೈಲಿನಲ್ಲಿ ಮಾಲ್ಕಂ ಫೋಟೋ ತೆಗೆದು ಅಖಿಲೇಶನ ಕನ್ನಡಿಗೆ ಒರಗಿಸಿ ಇಟ್ಟೆ. ಕೆಂಚುಗೂದಲಿನ, ತಿಳಿಬಣ್ಣದ ಮನುಷ್ಯ. ವಿಸ್ಮಯಾಳಿಗಿಂತ ಎಷ್ಟೋ ಬಿಳುಪು. ಅಖಿಲೇಶ ಭಕ್ತಿಯಿಂದ ಹಚ್ಚಿಕೊಂಡ ಬಣ್ಣ ಆ ಮನುಷ್ಯನಿಗೆ ಯಾವತ್ತೂ ಇರಲೇ ಇಲ್ಲ.

ವಿಸ್ಮಯಾ ಕುರ್ಚಿ ಎಳೆದು ಕೂತಳು. “ಶಾಲೆಯಲ್ಲಿ ನಂಗೆ ವರ್ಷಾ ವರ್ಷಾ ಶೂರ್ಪನಖಿ ಪಾತ್ರವೇ. ವಿಸ್ಮಯಾಗೆ ಬಣ್ಣದ ಖರ್ಚಿಲ್ಲ ಅಂತಿದ್ರು ನಮ್ಮ ಮಾಸ್ತರು. ಎಲ್ಲರೂ ನಗ್ತಿದ್ರು, ನಾನೂ ನಗ್ತಿದ್ದೆ. ಪರದೆ ಹಿಂದೆ ನಿಂತು ಅಬ್ಬರ ಕೊಡೂದು, ಮೂಗು ಕೊಯ್ಸಿಕೊಂಡು ಒಳಗೆ ಹೋಗೂದು. ಇಲ್ಲಿ ಮೂರು ಮಾತಿನ ಹೆಂಡತಿ. ಅದೂ ಬಣ್ಣಕ್ಕೇ ಸಿಕ್ಕಿದ್ದು.” ಅವಳು ನನ್ನ ಕಡೆ ನೋಡಿದಳು, ಸಿಟ್ಟಿನಿಂದಲ್ಲ. “ನಂಗೆ ಮಾಲ್ಕಂ ಬೇಕು ಅಕ್ಕ.”

ಅಖಿಲೇಶ ಎದ್ದು ಹೋಗಿ ಮುಖ ತೊಳೆದು ಬಂದ. ಕಿವಿಯ ಹಿಂದೆ ಕಪ್ಪು ಉಳಿದೇ ಇತ್ತು. “ಹೆಂಗಸು ಗಂಡಸಿನ ಪಾತ್ರ ಮಾಡಿದ್ರೆ ನನಗೇನೂ ತೊಂದರೆ ಇಲ್ಲ,” ಎಂದ. “ನಾನೇ ಕಾಲೇಜಿನಲ್ಲಿ ದ್ರೌಪದಿ ಮಾಡಿದವ. ಆದ್ರೆ ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಮೈಬಣ್ಣ ನೋಡಿ ಇವರಿಗೆ ಪಾತ್ರ ಕೊಡುದಾದ್ರೆ, ನಾನು ಕಾಡಿಗೆ ಹಚ್ಚಿದ್ದಕ್ಕೂ ಅದಕ್ಕೂ ಎಂತ ವ್ಯತ್ಯಾಸ? ಮಾಲ್ಕಂ ಅಂದ್ರೆ ಮಾತು. ಮಾತು ಬರ್ತದಾ ಇವರಿಗೆ?”

ಅವನ ಪ್ರಶ್ನೆ ಸರಿ ಇತ್ತು. ನಾನು ಬಾಯಿ ತೆರೆಯುವ ಮೊದಲೇ ವಿಸ್ಮಯಾ ಉತ್ತರಿಸಿದಳು.

“ಬಣ್ಣಕ್ಕೆ ಕೊಡ್ಬೇಡಿ. ಮಾತಿಗೇ ಕೊಡಿ.”

ತಾಳಮದ್ದಳೆಯ ಯೋಚನೆ ನನಗೆ ಹೊಳೆದದ್ದು ಆಗ. ಅದು ನಮ್ಮ ಕಡೆಯ ಯಕ್ಷಗಾನದ್ದೇ ಇನ್ನೊಂದು ರೂಪ. ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಭಾಗವತ ಪದ್ಯ ಹಾಡುತ್ತಾನೆ, ಎದುರು ಬದುರು ಕೂತ ಇಬ್ಬರು ಮನೆಯ ಬಟ್ಟೆಯಲ್ಲೇ ಪಾತ್ರವಾಗಿ ಅರ್ಥ ಹೇಳುತ್ತಾರೆ, ವಾದಿಸುತ್ತಾರೆ. ಬರೆದುಕೊಂಡ ಮಾತಲ್ಲ, ಅಲ್ಲೇ ಹುಟ್ಟಬೇಕು. ಎದುರಿನವನು ಎಲ್ಲಿಂದ ಪ್ರಶ್ನೆ ಎಸೆಯುತ್ತಾನೆ ಎಂದು ಮೊದಲೇ ತಿಳಿಯುವುದಿಲ್ಲ. ತಡವರಿಸಿದವರ ಕಥೆ ಮುಗಿಯಿತು. ಅಲ್ಲಿ ಇನ್ನೊಂದು ರೂಢಿಯೂ ಇದೆ. ಒಂದೇ ಪಾತ್ರವನ್ನು ಮೊದಲರ್ಧ ಒಬ್ಬರು, ಉಳಿದರ್ಧ ಇನ್ನೊಬ್ಬರು ಮಾಡಬಹುದು.

“ನಾಟಕ ಬೇಡ, ತಾಳಮದ್ದಳೆ ಮಾಡೋಣ,” ಎಂದೆ. “ಮೊದಲರ್ಧ ಜಿದ್ದಾ. ವಿಸ್ಮಯಾ ಮಾಲ್ಕಂ, ಅಖಿಲೇಶ ಪಾಸ್‌ಪೋರ್ಟ್ ಹಿಡಿದಿಟ್ಟ ಅಧಿಕಾರಿ. ಉಳಿದರ್ಧ ಮಾಲ್ಕಂ ಅಮೆರಿಕಕ್ಕೆ ಮರಳಿದ ಮೇಲಿನದ್ದು. ಜಿದ್ದಾದಲ್ಲಿ ಇವಳು ಸೋತರೆ ಉಳಿದ ಮಾಲ್ಕಂ ನಿನ್ನದು.”

“ನಾನು ಬಿಟ್ಟು ಕೊಡುದಿಲ್ಲ,” ಎಂದ ಅಖಿಲೇಶ. “ಹೆಂಗಸು, ಹೊಸಬರು ಅಂತ ಮೆತ್ತಗೆ ಕೇಳುದಿಲ್ಲ. ಅದು ಅವಮಾನ ಮಾಡಿದ ಹಾಗೆ.”

“ನಂಗೂ ಅದೇ ಬೇಕು,” ಎಂದಳು ವಿಸ್ಮಯಾ.

ನಾನು ಪದ್ಯಗಳನ್ನು ಬರೆದೆ. ಹಾಡಲು ತುಷಾರ್ ಸಿಕ್ಕಿದ, ಊರಿನಲ್ಲಿ ಭಾಗವತಿಕೆ ಕಲಿತ ಹುಡುಗ, ಇಲ್ಲಿ ಹಲ್ಲಿನ ಲ್ಯಾಬಿನಲ್ಲಿ ಕೆಲಸ. ವಿಸ್ಮಯಾ ತಯಾರಿಗೆ ಕೂತಳು. ಯಕ್ಷಗಾನದ ಮಾತಿನಲ್ಲಿ ಒಂದು ಇಂಗ್ಲಿಷ್ ಪದ ಬಂದರೂ ಸಭೆ ನಗುತ್ತದೆ ಎಂದು ಹೆದರಿಸಿದ್ದೆ. ಮೆಟ್ರೋದಲ್ಲಿ ಕೂತು “ರಹದಾರಿ, ರಹದಾರಿ” ಎಂದು ಪಾಸ್‌ಪೋರ್ಟಿನ ಹಳೆಯ ಹೆಸರನ್ನು ಬಾಯಿಪಾಠ ಮಾಡುತ್ತಿದ್ದಳು. ಡಯಾಲಿಸಿಸ್ ಯಂತ್ರ ತೊಳೆಯುತ್ತ ನನ್ನೊಡನೆ ವಾದ ಅಭ್ಯಾಸ ಮಾಡಿದಳು. ನಾನು ಅವಳಿಗೆ ಒಂದು ಮಾತನ್ನೂ ಬರೆದುಕೊಡಲಿಲ್ಲ, ಅವಳು ಕೇಳಲೂ ಇಲ್ಲ. ಹಾಜಿ ಬತ್ಹಾದಿಂದ ಮಾಲ್ಕಂ ಧರಿಸುತ್ತಿದ್ದಂಥದೇ ಮೇಲಂಚು ದಪ್ಪವಿರುವ ಕನ್ನಡಕ ತಂದುಕೊಟ್ಟರು. ಅದೂ ವೇಷವೇ ಎಂದು ಅವಳು ಅದನ್ನು ಹಾಗೇ ಚೀಲದಲ್ಲಿಟ್ಟಳು.

“ಹಜ್ ಆದ ಮೇಲೆ ಸಾಧು ಆಗುದು ಉಂಟಲ್ಲ?” ಎಂದು ಹಾಜಿ ನೆನಪಿಸಿದರು.

“ಹಜ್ ಮಾಡಿ ಬಂದ ಮೇಲೆ ನೀವು ಸಾಧು ಆದ್ರಾ ಹಾಜಿ?” ಎಂದಳು ವಿಸ್ಮಯಾ.

“ಇಲ್ಲ, ವ್ಯಾಪಾರ ಉಂಟಲ್ಲ,” ಎಂದರು ಹಾಜಿ.

“ಅವನಿಗೂ ಕೆಲಸ ಇತ್ತು.”

ಕೂಟದ ಶುಕ್ರವಾರ ಇಸ್ತಿರಾಹದಲ್ಲಿ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಶುರು ಮಾಡಿದೆವು. ಹುಲ್ಲಿನ ಮೇಲೆ ಜಮಖಾನ, ಕುರ್ಚಿ, ಚೀರಾಡುವ ಮಕ್ಕಳು. ವೇದಿಕೆಯ ಮೇಲೆ ಎರಡು ಕುರ್ಚಿ, ನಡುವೆ ತುಷಾರ್, ಅವನ ಪಕ್ಕ ಮದ್ದಳೆ. ಅಖಿಲೇಶ ಬಿಳಿ ಪಂಚೆ, ಶರ್ಟಿನಲ್ಲಿ ಬಂದ. ವಿಸ್ಮಯಾ ಸಾದಾ ಹತ್ತಿಯ ಚೂಡಿದಾರದಲ್ಲಿ ಬಂದಳು. ತೆರೆ ಇಲ್ಲ, ಅಬ್ಬರ ಇಲ್ಲ. ನಡೆದುಕೊಂಡು ಬಂದು ಕೂತಳು. ಹಿಂದಿನ ಸಾಲಿನಲ್ಲಿ ಯಾರೋ “ಇವರು ಯಾವ ದೇಶದವರು?” ಎಂದು ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು.

ಅಖಿಲೇಶ ತನ್ನದೇ ಪಾಸ್‌ಪೋರ್ಟನ್ನು ಕೈಯಲ್ಲಿ ಹಿಡಿದಿದ್ದ. ಪದ್ಯ ಮುಗಿಯುತ್ತಲೇ ಅದನ್ನು ಮಡಿಲಲ್ಲಿಟ್ಟುಕೊಂಡು ಆರಂಭಿಸಿದ.

“ಅಯ್ಯಾ ಯಾತ್ರಿಕ, ನಿನ್ನ ರಹದಾರಿ ಅಮೆರಿಕದ್ದು. ನಾಲಿಗೆಗೆ ಅರಬ್ಬಿ ಬಾರದು. ಆದರೂ ಮಕ್ಕಾದ ದಾರಿ ಹಿಡಿದಿದ್ದೀಯೆ. ನಿನ್ನನ್ನು ನಂಬುವುದು ಹೇಗೆ? ಮೊದಲು ಹೆಸರು ಹೇಳು.”

“ಮಾಲ್ಕಂ.”

“ಅದರ ಮುಂದೆ?”

“ಅದರ ಮುಂದೆ ಇದ್ದದ್ದು ನನ್ನ ಅಜ್ಜನ ಅಜ್ಜನನ್ನು ಕೊಂಡುಕೊಂಡವನ ಹೆಸರು. ದನದ ಮೈಮೇಲೆ ಬರೆ ಹಾಕಿದಂತೆ ನಮ್ಮ ಮೇಲೆ ಹಾಕಿದ್ದು. ಅದನ್ನು ತೆಗೆದುಹಾಕಿದೆ. ನಮ್ಮ ನಿಜವಾದ ಹೆಸರು ಯಾರಿಗೂ ತಿಳಿಯದು. ಲೆಕ್ಕದಲ್ಲಿ ತಿಳಿಯದ ಸಂಖ್ಯೆಗೆ ಒಂದು ಗುರುತು ಇಡುತ್ತಾರಲ್ಲ, ಆ ಗುರುತನ್ನು ಇಟ್ಟುಕೊಂಡೆ.”

ಸಭೆ ತಲೆದೂಗಿತು. ಅವಳ ದನಿಯಲ್ಲಿ ನಡುಕವಿರಲಿಲ್ಲ. ರೋಗಿಗೆ ಸೂಜಿ ಹಾಕುವ ಮೊದಲು ಮಾತಾಡುವ ದನಿ ಅದು, ನಿಧಾನ, ಗಟ್ಟಿ. ಅಖಿಲೇಶ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದ. ನಿನ್ನ ಮಾತಿನಲ್ಲಿ ದ್ವೇಷವಿದೆಯಂತೆ, ನಿಜವೆ ಎಂದ. ಎಳವೆಯಲ್ಲಿ ನಾವು ಒಳಗೆ ಮಲಗಿದ್ದಾಗ ನಮ್ಮ ಮನೆಗೆ ಬೆಂಕಿ ಇಟ್ಟರು, ಬೆಂಕಿ ಇಟ್ಟವನನ್ನು ಬಿಟ್ಟು ಬೆಂಕಿ ಎಂದು ಕೂಗಿದವನನ್ನು ಹಿಡಿಯುತ್ತೀರೇ ಎಂದು ವಿಸ್ಮಯಾ ಕೇಳಿದಳು. ಸಭೆ ಚಪ್ಪಾಳೆ ತಟ್ಟಿತು. ನಾನು ಆಗಲೇ ಗೆದ್ದೆವು ಎಂದುಕೊಂಡು ಕುರ್ಚಿಗೆ ಒರಗಿದೆ.

ಅಖಿಲೇಶ ಒಂದು ಗುಟುಕು ನೀರು ಕುಡಿದ. ಹುಲಿ ಬೋನಿನಿಂದ ಹೊರಡುವ ಮೊದಲು ಮೈ ಮುರಿಯುವ ಹಾಗೆ ಭುಜ ಕುಣಿಸಿದ. ಏನೋ ಬರುತ್ತದೆ ಎಂದು ನನಗೆ ಗೊತ್ತಾಯಿತು.

“ಇರಲಿ. ನಿನ್ನ ಊರು ಯಾವುದು?”

“ಒಮಾಹಾ. ಅಮೆರಿಕದ ನಡುಸೀಮೆಯ ಊರು.”

“ಅಲ್ಲ. ಅದು ಹುಟ್ಟಿದ ಊರು. ನಾನು ಕೇಳಿದ್ದು ಮೂಲ ಎಲ್ಲಿ ಎಂದು.”

ಸಭೆಯಲ್ಲಿ ಕೆಲವರು ನಕ್ಕರು. ಆ ಪ್ರಶ್ನೆಯನ್ನು ಅವಳಿಗೆ ಕೇಳಿದವರೇ ನಕ್ಕದ್ದು, ಅಭ್ಯಾಸದ ನಗು. ಅಖಿಲೇಶ ಬೇಕೆಂದೇ ಕೇಳಿದನೇ, ಬಾಯಿ ತಪ್ಪಿ ಬಂತೇ ಎಂದು ಆಗ ತಿಳಿಯಲಿಲ್ಲ. ವಿಸ್ಮಯಾ ಸುಮ್ಮನಾದಳು. ತುಷಾರ್ ಮುಂದಿನ ಪದ್ಯ ಎತ್ತಲೇ ಎಂಬಂತೆ ನನ್ನತ್ತ ನೋಡಿದ. ಪದ್ಯ ಎತ್ತಿದರೆ ಜಿದ್ದಾ ಮುಗಿಯಿತು, ಮಾಲ್ಕಂ ಅವಳ ಕೈತಪ್ಪಿತು.

ನಾನು ಎದ್ದು ನಿಂತೆ. ಅಖಿಲೇಶನನ್ನು ಮೈಕಿನಲ್ಲೇ ಬೈಯುವಷ್ಟು ಸಿಟ್ಟು ಬಂದಿತ್ತು. ವಿಸ್ಮಯಾ ನನ್ನ ಕಡೆ ನೋಡಿದಳು, ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದಳು. ಕೂತುಕೋ ಎಂದು. ನಾನು ಬಾಯಿ ಮುಚ್ಚಿ ಕೂತದ್ದು ಇಲ್ಲಿ. ಕೂತದ್ದೇ ಒಳ್ಳೆಯದಾಯಿತು.

“ಅಧಿಕಾರಿಗಳೇ,” ಎಂದಳು ಅವಳು, “ನಿಮ್ಮ ಊರು?”

“ಜಿದ್ದಾ.”

“ಸರಿ.”

ಅಷ್ಟೇ ಹೇಳಿ ಅವಳು ಕಾದಳು. ಅಖಿಲೇಶನೂ ಕಾದ.

“ಸರಿ ಎಂದರೆ?” ಎಂದ ಕೊನೆಗೆ.

“ಸರಿ ಎಂದರೆ ಸರಿ. ನೀವು ಒಮ್ಮೆ ಹೇಳಿದಿರಿ, ನಾನು ನಂಬಿದೆ. ನಾನು ಒಮ್ಮೆ ಹೇಳಿದರೆ ನೀವು ಎರಡನೇ ಸಲ ಕೇಳುತ್ತೀರಿ. ಹೊಟ್ಟೆಯಲ್ಲಿದ್ದಾಗಿನಿಂದ ನಾನು ಉಂಡ ಅನ್ನ ಆ ಊರಿನದು, ಆಡಿದ ಮಾತು ಆ ಊರಿನದು. ಆದರೂ ಅಲ್ಲ, ಮೂಲ ಎಲ್ಲಿ? ಆ ‘ಅಲ್ಲ’ ಎಂಬ ಮಾತಿನ ಮೇಲೆ ನನ್ನ ಜಗಳ. ಬೇರೆ ಯಾವ ಜಗಳವೂ ನನಗಿಲ್ಲ.”

ನಕ್ಕವರು ಈಗ ನಗಲಿಲ್ಲ. ಅವಳು ಮುಂದುವರಿಸಿದಳು, ದನಿ ಏರಲಿಲ್ಲ.

“ಮೂಲ ಬೇಕೇ? ನಮ್ಮನ್ನು ಹಡಗಿಗೆ ತುಂಬಿದವರನ್ನು ಕೇಳಿ. ಯಾರನ್ನು ಎಲ್ಲಿಂದ ತಂದೆವು ಎಂದು ಅವರಿಗೆ ತಿಳಿದಿತ್ತು. ನಮಗೆ ಹೇಳಲಿಲ್ಲ. ಹೆಸರು ಕಿತ್ತುಕೊಂಡವರನ್ನು ಯಾರೂ ಕೇಳುವುದಿಲ್ಲ, ಕಳೆದುಕೊಂಡವರನ್ನೇ ಮತ್ತೆ ಮತ್ತೆ ಕೇಳುತ್ತಾರೆ. ನಾನು ಅಬ್ಬರಿಸುತ್ತೇನೆ ಎಂದು ಲೋಕ ದೂರುತ್ತದೆ. ಮೆಲ್ಲಗೆ ಹೇಳಿದಾಗಲೆಲ್ಲ ಎರಡನೇ ಸಲ ಕೇಳಿದಿರಿ. ಕೂಗಿ ಹೇಳಿದಾಗ ಮಾತ್ರ ಮೊದಲ ಸಲಕ್ಕೇ ಕೇಳಿಸಿತು. ಇವತ್ತು ಮೆಲ್ಲಗೆ ಹೇಳುತ್ತಿದ್ದೇನೆ. ಕೇಳಿಸಿತೇ?”

ಮಾಲ್ಕಂ ಎಕ್ಸ್ ಇಂಥ ಮಾತನ್ನು ಜಿದ್ದಾದಲ್ಲಿ ಆಡಿದರೆಂದು ಯಾವ ಪುಸ್ತಕದಲ್ಲೂ ಇಲ್ಲ. ಅದು ವಿಸ್ಮಯಾಳ ಅರ್ಥಗಾರಿಕೆ. ಅಲ್ಲಿ ಕೂತ ಎಲ್ಲರಿಗೂ ಅದು ಗೊತ್ತಿತ್ತು, ಅದಕ್ಕೇ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಕ್ಕಳು ಕೂಡ ಆಟ ನಿಲ್ಲಿಸಿ ದೊಡ್ಡವರ ಮುಖ ನೋಡುತ್ತಿದ್ದರು.

ಅಖಿಲೇಶನ ಬತ್ತಳಿಕೆ ಖಾಲಿಯಾಗಿರಲಿಲ್ಲ. ಅವನನ್ನು ಬಲ್ಲ ನಾನು ಹೇಳುತ್ತೇನೆ, ಇನ್ನೂ ಅರ್ಧ ಗಂಟೆ ಎಳೆಯುವ ಶಕ್ತಿ ಅವನಿಗಿತ್ತು, ಕೊನೆಯ ಮಾತನ್ನು ಅವನು ಯಾರಿಗೂ ಬಿಟ್ಟವನಲ್ಲ. ಆದರೆ ಅವನು ಎದ್ದ. ಮಡಿಲಲ್ಲಿದ್ದ ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ.

“ಕೇಳಿಸಿತು,” ಎಂದ. “ನಿಮ್ಮ ರಹದಾರಿ ನಿಮ್ಮಲ್ಲಿರಲಿ. ಹೋಗಿ ಬನ್ನಿ ಹಾಜಿ.”

ಅಲ್ಲಿಯವರೆಗೆ ನೀನು ಎನ್ನುತ್ತಿದ್ದ ಅಧಿಕಾರಿ ನೀವು ಎಂದಿದ್ದ, ಯಾತ್ರಿಕನನ್ನು ಹಾಜಿ ಎಂದಿದ್ದ. ತಮ್ಮ ಪಾಸ್‌ಪೋರ್ಟ್ ಯಾರದೋ ಕಪಾಟಿನಲ್ಲಿ ಇಟ್ಟು ವರ್ಷಗಟ್ಟಲೆ ದುಡಿದ ಹಿರಿಯರು ಆ ಸಭೆಯಲ್ಲಿ ಹಲವರಿದ್ದರು. ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದವರು ಅವರೇ. ಕಾಸಿಂ ಹಾಜಿಯವರಂತೂ ಕಣ್ಣೊರೆಸಿಕೊಳ್ಳುವುದನ್ನೂ ಮರೆತು ತಟ್ಟುತ್ತಿದ್ದರು.

ಉಳಿದರ್ಧ ಮಾಲ್ಕಂ ಅವಳದೇ ಆಯಿತು. ಸಾಧು ಮಾಲ್ಕಂ ಅಲ್ಲ. ಮಕ್ಕಾದಲ್ಲಿ ಬಿಳಿಯರ ಜೊತೆ ಒಂದೇ ತಟ್ಟೆಯಲ್ಲಿ ಉಂಡೆ, ಇನ್ನು ಬಣ್ಣ ನೋಡಿ ಯಾರನ್ನೂ ದ್ವೇಷಿಸುವುದಿಲ್ಲ, ಆದರೆ ನನ್ನ ಜನರಿಗೆ ಸಲ್ಲಬೇಕಾದದ್ದನ್ನು ಕೇಳುವುದನ್ನು ಒಂದು ದಿನವೂ ಬಿಡುವುದಿಲ್ಲ ಎಂದಳು. ಕಿಟಕಿಯ ಪರದೆ ಸರಿಸಿ, ಬಂದೂಕು ಹಿಡಿದು ಹೊರಗೆ ಇಣುಕುವ ಅವರ ಪ್ರಸಿದ್ಧ ಚಿತ್ರವೊಂದಿದೆ. ಅದನ್ನೇ ಹಿಡಿದು ಅಖಿಲೇಶ ಈಗ ಪತ್ರಕರ್ತನಾಗಿ ಕೆಣಕಿದ. ಅವಳು ಹೇಳಿದಳು, “ಆ ಪರದೆಯ ಹಿಂದೆ ನಿಂತವನು ಅಬ್ಬರಿಸಲು ನಿಂತದ್ದಲ್ಲ. ಒಳಗೆ ಮಕ್ಕಳು ಮಲಗಿದ್ದರು.” ಟೀ ಶರ್ಟು ಹಾಕಿಕೊಂಡು ಬಂದಿದ್ದ ಕಾಲೇಜು ಹುಡುಗರು ತಮ್ಮ ಎದೆಯ ಮೇಲಿನ ಚಿತ್ರವನ್ನು ಬಗ್ಗಿ ನೋಡಿಕೊಂಡರು.

ಸೂರ್ಯ ಮುಳುಗಿ ಮಗ್ರಿಬ್ ಬಾಂಗಿನ ಹೊತ್ತಿಗೆ ಮಂಗಳ ಹಾಡಿ ಮುಗಿಸಿದೆವು. ವೇದಿಕೆಯ ಹಿಂದೆ ಅಖಿಲೇಶನ ಕಾಲರ್ ಹಿಡಿಯಲೆಂದೇ ಹೋದೆ. “ಬೇಕಂತಲೇ ಕೇಳಿದ್ದಾ?”

“ಬೇಕಂತಲೇ,” ಎಂದ. “ಮೊದಲ ದಿನ ನಾನೂ ಅವರನ್ನು ಹಾಗೇ ಕೇಳಿದ್ದೆ ಝಾಹಿದಕ್ಕ. ಅವತ್ತು ನಕ್ಕು ಸುಮ್ಮನಾಗಿದ್ರು. ಉತ್ತರ ಉಂಟು ಅಂತ ಅವರ ಮುಖದಲ್ಲೇ ಕಾಣ್ತಿತ್ತು. ಇವತ್ತು ಹೇಳ್ಲಿ ಅಂತ ಕೇಳಿದ್ದು.” ಆಮೇಲೆ ವಿಸ್ಮಯಾಳ ಕಡೆ ತಿರುಗಿ, “ನನ್ನ ಪಾಸ್‌ಪೋರ್ಟ್ ಕೊಡಿ ಮಾರಾಯ್ರೆ, ಮುಂದಿನ ತಿಂಗಳು ಊರಿಗೆ ಹೋಗ್ಲಿಕ್ಕುಂಟು,” ಎಂದ.

“ತೆಗೆದಿಟ್ಟುಕೊಳ್ತೆ ಅಂತ ಮಾಡಿದ್ದೆ,” ಎಂದು ಅವಳು ನಗುತ್ತ ಕೊಟ್ಟಳು.

ಊಟಕ್ಕೆ ಸಾಲು ನಿಂತಿತ್ತು. ಹೆಂಗಸರ ಕಡೆ ಸಫಿಯತ್ ಬೀವಿ ಬಿರಿಯಾನಿ ಬಡಿಸುತ್ತಿದ್ದರು, ನಾನು ಪಕ್ಕದಲ್ಲಿ ಸಲಾಡ್ ಹಾಕುತ್ತಿದ್ದೆ. ವಿಸ್ಮಯಾ ತಟ್ಟೆ ಹಿಡಿದು ಬಂದಳು. ಸಫಿಯತ್ ಬೀವಿ ಸೌಟು ಪಾತ್ರೆಯಲ್ಲಿಟ್ಟು, ಕೈ ಒರೆಸಿಕೊಂಡರು.

“ಮಗಾ, ಅವತ್ತು ರಂಜಾನ್ ನೋಂಬಿನ ಸಮಯದಲ್ಲಿ ಕೇಳಿದ್ದೆ, ಈಗ ಇನ್ನೊಮ್ಮೆ ಕೇಳ್ತೇನೆ. ನಿನ್ನದು ಯಾವ ಊರಾಯ್ತು?”

“ಯಲ್ಲಾಪುರ.”

ನಾನು ಸಲಾಡಿನ ಚಮಚ ಹಿಡಿದು ನಿಂತೆ. ಅಭ್ಯಾಸದಿಂದ ಸಫಿಯತ್ ಬೀವಿಯ ಬಾಯಿ ತೆರೆದಿತ್ತು. “ಅಲ್ಲ” ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತದ್ದು ನನಗೆ ಕಾಣುತ್ತಿತ್ತು. ಅವರು ಬಾಯಿ ಮುಚ್ಚಿದರು, ಎರಡು ಸೌಟು ಬಿರಿಯಾನಿ ತಟ್ಟೆಗೆ ಹಾಕಿದರು, ಮೇಲೊಂದು ದೊಡ್ಡ ತುಂಡು ಇಟ್ಟರು. ಆಮೇಲೆ ಕೇಳಿದರು.

“ಯಲ್ಲಾಪುರದಲ್ಲಿ ಎಲ್ಲಾಯ್ತು? ಪೇಟೆಯಲ್ಲಾ, ಒಳಗಾ?”

ವಿಸ್ಮಯಾಳ ಕಣ್ಣು ತುಂಬಿತು. ವೇದಿಕೆಯ ಮೇಲೆ ಒಂದು ಹನಿ ಹಾಕದವಳು ಬಿರಿಯಾನಿ ತಟ್ಟೆಯ ಮುಂದೆ ಅತ್ತಳು. “ಒಳಗೆ,” ಎಂದಳು. “ಬಸ್ ಇಳಿದು ನಡೀಬೇಕು.”

“ಹಾಂ, ಹಾಗೆ ಹೇಳು,” ಎಂದರು ಸಫಿಯತ್ ಬೀವಿ. ಮತ್ತೆ ಸ್ವಲ್ಪ ಬಗ್ಗಿ, ನಮ್ಮ ಊರಿನ ಯಾವ ಹುಡುಗಿಯನ್ನೂ ಬಿಡದೆ ಕೇಳುವ ಮುಂದಿನ ಪ್ರಶ್ನೆಯನ್ನು ಅವಳಿಗೂ ಕೇಳಿದರು. “ಮದುವೆ ಯಾವಾಗ ಮಾಡಿಕೊಳ್ಳುದು?”